ಗುಡುಗಿದರೆ ಮೈನ್ ಆಫ್ ಮಾಡಲಾಗುವುದು

ಪಾಣೆಮಂಗಳೂರಿನ ನಮ್ಮ ಮನೆಯ ಗೇಟಿಗೆ ಒಂದು ಬೋರ್ಡು ತೂಗುಹಾಕಿದ್ದೇನೆ. ನನ್ನದೇ ಕೈಬರಹ, ದುಂಡಗಿನ ಟೀಚರಮ್ಮನ ಅಕ್ಷರ. ‘ಇಲ್ಲಿ ಕಾರು, ಸ್ಕೂಟರು, ಆಟೋ ಚಾರ್ಜ್ ಮಾಡಬಹುದು. ಗುಡುಗಿದರೆ ಮೈನ್ ಆಫ್ ಮಾಡಲಾಗುವುದು. ತಪ್ಪು ತಿಳಿಯಬಾರದು.’ ಮೊದಲ ಸಾಲು ಓದಿ ಒಳಗೆ ಬಂದವರು ಎರಡನೆಯ ಸಾಲಿಗೆ ನಗುತ್ತಾರೆ. ಮೂರನೆಯ ಸಾಲು ಯಾಕೆ ಎಂದು ಕೇಳಿದವರು ಕಡಿಮೆ. ಕೇಳಿದವರಿಗೂ ನಾನು ಸರಿಯಾಗಿ ಉತ್ತರ ಕೊಟ್ಟಿಲ್ಲ, ನಾಚಿಕೆಯಾಗುತ್ತದೆ. ಇಲ್ಲಿ ಬರೆದುಬಿಡುತ್ತೇನೆ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲವಲ್ಲ.

ನಾನು ಸರಕಾರಿ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು. ಕೋಪ ನನಗೆ ಮೂಗಿನ ತುದಿಯಲ್ಲೇ. ಹಳೆಯ ವಿದ್ಯಾರ್ಥಿಗಳು ಈಗಲೂ ನನ್ನನ್ನು ಕಂಡರೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾರೆ. ನಿವೃತ್ತಿಯಾದ ಮೇಲೆ ಒಂದು ಸಣ್ಣ ಕರೆಂಟಿನ ಕಾರು ತೆಗೆದುಕೊಂಡೆ. ಸೌದಿಯಲ್ಲಿರುವ ತಮ್ಮ ಫೋನಿನಲ್ಲೇ ಬೊಬ್ಬೆ ಹೊಡೆದ. “ನಾನಿಲ್ಲಿ ಪೆಟ್ರೋಲಿನ ಕಂಪನಿಯಲ್ಲಿ ದುಡಿಯುವುದು, ನೀನಲ್ಲಿ ಕರೆಂಟಿನ ಕಾರು ತೆಗೆಯುವುದು. ನಿನಗೆ ತಮ್ಮನ ಮೇಲೆ ಸ್ವಲ್ಪವಾದರೂ ಪ್ರೀತಿ ಉಂಟಾ?” ಮನೆಬಾಗಿಲಿಗೆ ಮೀನು ತರುವವನದು ಬೇರೆ ತಮಾಷೆ. “ಟೀಚರೇ, ಇದನ್ನು ರಾತ್ರಿ ಮಿಕ್ಸಿ ಪಕ್ಕ ಇಡ್ತೀರಾ, ಫ್ರಿಜ್ ಪಕ್ಕವಾ?” ನಾನು ಯಾರಿಗೂ ಬಗ್ಗಲಿಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಬಂಕಿನ ಮುಂದೆ ಕ್ಯೂ ಇಲ್ಲ ಎಂದು ಕಂಡಕಂಡವರಿಗೆಲ್ಲ ಪಾಠ ಮಾಡಿದೆ. ಮದುವೆಮನೆಗೆ ಹೋದರೂ ಅದೇ ಪಾಠ. ಜನ ನನ್ನನ್ನು ಕಂಡು ಪಕ್ಕದ ದಾರಿ ಹಿಡಿಯುವಷ್ಟು ಮಾಡಿದೆ.

ಮನೆಯಲ್ಲಿರುವುದು ನಾನು ಮತ್ತು ಉಮ್ಮ. ಎಂಬತ್ತರ ಹತ್ತಿರದ ಅಮ್ಮನಿಗೆ ಮಂಡಿ ನೋವು, ಕಿವಿ ಮಂದ. ಆದರೆ ಗುಡುಗು ಮಾತ್ರ ಕೇಳುತ್ತದೆ. ಕಿವಿಗಿಂತ ಮೊದಲು ಕಾಲಿಗೆ ಕೇಳುತ್ತದೆಯಂತೆ. ನಮ್ಮ ಕಡೆಯ ಮನೆಗಳ ಪದ್ಧತಿ ಗೊತ್ತಿದ್ದವರಿಗೆ ಇದು ಹೊಸತಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ, ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಮೋಡ ಕಟ್ಟಿ ಮೊದಲ ಗುಡುಗು ಬಿತ್ತೆಂದರೆ ಎಲ್ಲ ಮನೆಯಲ್ಲೂ ಒಬ್ಬರು “ಮೈನ್!” ಎಂದು ಕೂಗುತ್ತಾರೆ, ಇನ್ನೊಬ್ಬರು ಓಡುತ್ತಾರೆ. ಮೈನ್ ಸ್ವಿಚ್ ಕೆಳಗೆ, ಟಿವಿಯ ವಯರು ಹೊರಗೆ, ಫ್ರಿಜ್ಜಿನ ಪ್ಲಗ್ಗು ಹೊರಗೆ. ಸಿಡಿಲು ಹೊಡೆದು ಮೀಟರು ಬೋರ್ಡು ಸುಟ್ಟ ಮನೆ ಪ್ರತಿ ಊರಿನಲ್ಲೂ ಒಂದಾದರೂ ಉಂಟು. ನಮ್ಮ ಮನೆಯಲ್ಲಿ ಕೂಗುವವರೂ ಓಡುವವರೂ ಉಮ್ಮನೇ.

ಈ ಬೋರ್ಡಿಗೆ ಕಾರಣವಾದ ಶನಿವಾರದ ಹಿಂದಿನ ಸಂಜೆಯೂ ಗುಡುಗಿತ್ತು. ಕಾರು ಚಾರ್ಜಿಗೆ ಹಾಕಿದ್ದೆ. ಉಮ್ಮ ಮೈನ್ ಆಫ್ ಮಾಡಿದ್ದಲ್ಲದೆ ಕಾರಿನ ಪ್ಲಗ್ಗನ್ನೂ ಕಿತ್ತಿಟ್ಟರು. ಗುಡುಗು ನಿಂತ ಮೇಲೆ ಮೈನ್ ಹಾಕಿದರು, ಪ್ಲಗ್ಗು ಮರೆತರು. ಬೆಳಿಗ್ಗೆ ನೋಡುತ್ತೇನೆ, ನೂರು ಪರ್ಸೆಂಟ್ ಚಾರ್ಜ್ ಆಗಬೇಕಿದ್ದದ್ದು ಅರವತ್ತನಾಲ್ಕರಲ್ಲೇ ನಿಂತಿದೆ. “ಎಷ್ಟು ಸಲ ಹೇಳಬೇಕು ನಿನಗೆ? ಇದು ಟಿವಿ ಅಲ್ಲ! ದಾರಿಯಲ್ಲಿ ನಿಂತರೆ ನೀನು ನೂಕುತ್ತೀಯಾ?” ಎಂದು ಬಾಯಿಗೆ ಬಂದಂತೆ ಬೈದೆ. ಉಮ್ಮ ಬುರ್ಖಾ ಹಾಕಿಕೊಂಡು, ಕೈಚೀಲ ಹಿಡಿದುಕೊಂಡು, ಮುಂದಿನ ಸೀಟಿನಲ್ಲಿ ಹೋಗಿ ಕೂತರು.

ಹೊರಟದ್ದು ಕಕ್ಕಿಂಜೆಗೆ. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆ ಅಲ್ಲೇ ಹತ್ತಿರದ್ದು, ಚಾರ್ಮಾಡಿಗೆ ಹೋಗುವ ದಾರಿಯಲ್ಲಿ. ಮಕ್ಕಳಿಗೆ ಬಹುಮಾನ ಕೊಡಲು ಕರೆದಿದ್ದರು. ಉಮ್ಮನಿಗೆ ಸವಾರಿಯ ಆಸೆ, ಅದಕ್ಕೆ ಬಂದದ್ದು. ಮಡಂತ್ಯಾರು ದಾಟಿ ಬೆಳ್ತಂಗಡಿಗೆ ಬಂದಾಗ ಒಂದು ಹೋಟೆಲಿನ ಹಿಂದೆ ಇರುವ ಚಾರ್ಜಿಂಗ್ ಮೆಷಿನಿನ ಹತ್ತಿರ ಹೋದೆ. ಮೆಷಿನಿನ ಪರದೆ ಕಪ್ಪಗಿತ್ತು. ಅದರ ಮೇಲೆ ಯಾರೋ ಮೈ ಒರೆಸುವ ಒದ್ದೆ ಬೈರಾಸು ಒಣಗಲು ಹಾಕಿದ್ದರು. ಫೋನಿನ ಆ್ಯಪಿನಲ್ಲಿ ನೋಡಿದರೆ ಅದೇ ಮೆಷಿನು ಹಸಿರು ಹಸಿರಾಗಿ ಹೊಳೆಯುತ್ತಾ ಉಂಟು! “ಹಾಳಾಗಿ ವಾರವಾಯಿತು. ಮಧ್ಯಾಹ್ನಕ್ಕೆ ರಿಪೇರಿಯವರು ಬರ್ತಾರೆ, ನೀವು ಹೋಗಿ ಬನ್ನಿ” ಎಂದರು ಹೋಟೆಲಿನವರು. ಬರುವಾಗ ಹಾಕಿದರಾಯಿತು ಎಂದು ನಾನೂ ಮುಂದೆ ಹೋದೆ.

ಶಾಲೆಯ ಕಾರ್ಯಕ್ರಮ ಮುಗಿದು, ಊಟ ಮಾಡಿ, ಹಳೆಯ ಕೋಣೆಗಳನ್ನೆಲ್ಲ ನೋಡಿ ಹೊರಗೆ ಬಂದಾಗ ಒಂದೂವರೆ. ಶನಿವಾರದ ಅರ್ಧ ದಿನದ ಶಾಲೆ, ಬೀಗ ಹಾಕಿ ಎಲ್ಲರೂ ಹೊರಟಾಗಿತ್ತು. ನಾನು ಕಾರು ರಸ್ತೆಗಿಳಿಸಿ ಸ್ವಲ್ಪ ದೂರ ಬಂದಿದ್ದೆ, ಅಷ್ಟರಲ್ಲಿ ಮೂಡುಬಿದಿರೆಯಿಂದ ದೊಡ್ಡಮ್ಮನ ಮಗನ ಫೋನು ಬಂತು.

“ನಮ್ಮ ಉಮ್ಮ ಹೋದರು” ಎಂದ. “ಐದೂವರೆಗೆ ಮಯ್ಯತ್ ಮನೆಯಿಂದ ತೆಗೀತೇವೆ. ಸಂಜೆ ಮಗ್ರಿಬ್ ನಮಾಜಿಗೆ ಮೊದಲು ಮುಗಿಸಬೇಕು. ಚಿಕ್ಕಮ್ಮನನ್ನು ಕರಕೊಂಡು ಬಾ” ಎಂದ.

ಹೋದವಾರವಷ್ಟೇ ದೊಡ್ಡಮ್ಮ ಫೋನಿನಲ್ಲಿ ನನ್ನ ಕಾರಿನ ವಿಷಯ ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದರು. “ಬಾ, ನನ್ನನ್ನು ಒಂದು ಸುತ್ತು ಕೂರಿಸು” ಎಂದಿದ್ದರು. ಉಮ್ಮನಿಗೆ ಇದ್ದ ಒಬ್ಬಳೇ ಒಬ್ಬಳು ಅಕ್ಕ. ನಮ್ಮಲ್ಲಿ ಹೆಂಗಸರು ದಫನ್ ಮಾಡುವಲ್ಲಿಗೆ ಹೋಗುವುದಿಲ್ಲ. ಮುಖ ನೋಡುವುದಿದ್ದರೆ ಮನೆಯಲ್ಲೇ ನೋಡಬೇಕು. ಶವವನ್ನು ಮನೆಯ ಹೊಸ್ತಿಲು ದಾಟಿಸಿದರೆಂದರೆ ಮುಗಿಯಿತು, ಮತ್ತೆ ಈ ಜನ್ಮದಲ್ಲಿ ಇಲ್ಲ. ಐದೂವರೆಯೆಂದರೆ ಉಮ್ಮನಿಗೆ ಐದೂವರೆಯೇ.

ಕಾರು ಬದಿಗೆ ನಿಲ್ಲಿಸಿ, ಉಮ್ಮನ ಕಿವಿಯ ಹತ್ತಿರ ಬಾಗಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಮತ್ತೆ, “ಹೋಗುವ” ಎಂದರು. ಅಷ್ಟೇ.

ಹೋಗುವುದು ಹೇಗೆ? ಕಾರಿನ ಪರದೆಯಲ್ಲಿ ಇಪ್ಪತ್ತಾರು ಉಳಿದಿತ್ತು. ನಲವತ್ತು ಕಿಲೋಮೀಟರು ಓಡುತ್ತೇನೆ ಎಂದು ಅದೇ ಹೇಳುತ್ತಿತ್ತು. ಮೂಡುಬಿದಿರೆಗೆ ಐವತ್ತೈದಾದರೂ ಬೇಕು. ಬೆಳ್ತಂಗಡಿಯ ಹೋಟೆಲಿಗೆ ಫೋನು ಮಾಡಿದರೆ ರಿಪೇರಿಯವರು ಬಂದೇ ಇಲ್ಲ. ಆ್ಯಪಿನಲ್ಲಿ ಇನ್ನೊಂದು ಹಸಿರು ಚುಕ್ಕೆಗೆ ಫೋನು ಮಾಡಿದೆ. ಅದು ಯಾರದೋ ಗೋಡೌನಿನ ಒಳಗೆ ಉಂಟಂತೆ, ಬೀಗದ ಕೈ ಇದ್ದವರು ಸುಬ್ರಹ್ಮಣ್ಯಕ್ಕೆ ಹೋಗಿದ್ದಾರಂತೆ. ಊರಿಗೆಲ್ಲ ಪಾಠ ಮಾಡಿದ ನಾನು ರಸ್ತೆಬದಿಯಲ್ಲಿ ಸ್ಟೇರಿಂಗು ಹಿಡಿದುಕೊಂಡು ಪೆದ್ದಿಯ ಹಾಗೆ ಕೂತಿದ್ದೆ. ಆಗ ಕಣ್ಣಿಗೆ ಬಿದ್ದದ್ದು ಎದುರಿನ ಮನೆ. ಹಂಚಿನ ಸಣ್ಣ ಮನೆ, ಜಗಲಿಯ ಗೋಡೆಯಲ್ಲಿ ಪಂಪಿಗೆ ಹಾಕುವ ದೊಡ್ಡ ಪ್ಲಗ್ ಪಾಯಿಂಟು. ಹಿಂದೆಮುಂದೆ ನೋಡದೆ ಕಾರನ್ನು ಅಂಗಳಕ್ಕೆ ಇಳಿಸಿಬಿಟ್ಟೆ.

ಜಗಲಿಯಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಹಣೆಯಲ್ಲಿ ದೊಡ್ಡ ಕುಂಕುಮ.

“ಅಮ್ಮಾ, ಸ್ವಲ್ಪ ಚಾರ್ಜ್ ಮಾಡಬಹುದಾ?” ಎಂದು ಕೇಳಿದೆ.

“ಅದಕ್ಕೆಂತ? ಕೊಡಿ, ಒಳಗೆ ಹಾಕ್ತೇನೆ” ಎಂದು ಕೈ ಚಾಚಿದರು.

ಫೋನು ಎಂದುಕೊಂಡಿದ್ದರು. ನಾನು ಕಾರು ತೋರಿಸಿದೆ. ಅವರು ಕಾರನ್ನು ನೋಡಿದರು, ನನ್ನನ್ನು ನೋಡಿದರು, ಚಾಚಿದ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡರು. “ಇಡೀ ಕಾರನ್ನಾ ಮಾರಾಯ್ತಿ?” ಎಂದರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ವಿಷಯ ಹೇಳಿದೆ. “ಅಯ್ಯೋ ದೇವರೇ, ಹಾಕಿ ಹಾಕಿ, ಕೇಳುವುದೆಂತ ಅದರಲ್ಲಿ” ಎಂದು ತಡ್ಪೆ ಬದಿಗಿಟ್ಟು, ಉಮ್ಮನನ್ನು ಕೈಹಿಡಿದು ಜಗಲಿ ಹತ್ತಿಸಿದರು. ನಾನು ವಯರು ಎಳೆದು ಚುಚ್ಚಿದೆ. ವಯರಿನ ನಡುವಿನ ಚಾರ್ಜರ್ ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗಿತು. ಎರಡು ಗಂಟೆಯಿಂದ ಮುಕ್ಕಾಲು ನಾಲ್ಕರವರೆಗೆ ಬಿಟ್ಟರೆ ಐವತ್ತರ ಹತ್ತಿರ ಬರುತ್ತದೆ, ಹೊರಟರೆ ಐದೂಕಾಲಿಗೆ ಮೂಡುಬಿದಿರೆ. ಅಷ್ಟರ ಮಟ್ಟಿಗೆ ಜೀವ ಬಂತು.

ಅವರಿಬ್ಬರೂ ತುಳುವಿನಲ್ಲಿ ಮಾತಿಗೆ ಕೂತರು. ನಮ್ಮ ಕಡೆಯ ಮುಸ್ಲಿಮರ ಮನೆಮಾತಾದ ಬ್ಯಾರಿ ಭಾಷೆಯಷ್ಟೇ ಸಲೀಸಾಗಿ ಉಮ್ಮನಿಗೆ ತುಳು ಬರುತ್ತದೆ. ಅಕ್ಕನ ಸುದ್ದಿ ಕೇಳಿದ ಮೇಲೆ ಉಮ್ಮ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮಾತಿನ ನಡುವೆಯೇ ಕೈ ಚಾಚಿ ಎದುರಿನ ತಡ್ಪೆಯಿಂದ ಒಂದು ಎಲೆ ತೆಗೆದುಕೊಂಡರು, ಕತ್ತರಿ ಕೇಳಿದರು. ನಾನು ಬಾಯಿ ಬಿಟ್ಟು ನೋಡಿದೆ. ಹುಡುಗಿಯರಾಗಿದ್ದಾಗ ಉಮ್ಮ ಮತ್ತು ದೊಡ್ಡಮ್ಮ ಒಂದೇ ತಡ್ಪೆಯ ಎರಡು ಬದಿ ಕೂತು ಬೀಡಿ ಕಟ್ಟಿ ಮನೆ ನಡೆಸಿದವರು. ನಾನು ಹುಟ್ಟಿದ ಮೇಲೆ ಉಮ್ಮ ಬೀಡಿ ಮುಟ್ಟಿದ್ದು ನನಗೆ ನೆನಪಿಲ್ಲ. ಬೆರಳಿಗೆ ಮಾತ್ರ ಮರೆತಿರಲಿಲ್ಲ. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹಾಕಿ, ಸುರುಳಿ ಸುತ್ತಿ, ನೂಲು ಕಟ್ಟಿ ಇಟ್ಟರು. ಆ ಹೆಂಗಸು ತಡ್ಪೆಯನ್ನು ಇಬ್ಬರ ನಡುವೆ ಸರಿಸಿದರು.

ನನಗೆ ಕೂರಲಾಗಲಿಲ್ಲ. ಬೇರೆ ವಾಹನ ಏನಾದರೂ ಸಿಕ್ಕೀತೇ ನೋಡುವ ಎಂದು ಕಕ್ಕಿಂಜೆ ಪೇಟೆಯ ಕಡೆ ನಡೆದೆ. ಸ್ಟಾಂಡಿನಲ್ಲಿ ಒಂದು ಜೀಪಿಲ್ಲ, ಎಲ್ಲ ಮದುವೆಗೆ ಹೋಗಿದ್ದವು. ಬಸ್ಸಿನಲ್ಲಿ ಹೋದರೆ ಎರಡು ಕಡೆ ಇಳಿದು ಹತ್ತಬೇಕು, ಉಮ್ಮನ ಮಂಡಿಗೆ ಆಗುವ ಮಾತಲ್ಲ. ತಿರುಗಿ ಹೊರಟಾಗ ಘಟ್ಟದ ಕಡೆಯಿಂದ ಕಪ್ಪಾಗಿ ಬಂದ ಮಳೆ ಒಮ್ಮೆಲೇ ಸುರಿಯಿತು. ಛತ್ರಿಯೂ ಇಲ್ಲ. ಒಂದು ಜಿನಸು ಅಂಗಡಿಯ ಎದುರು ಸಿಕ್ಕಿಬಿದ್ದೆ. ಗುಡುಗೆಂದರೆ ಎಂಥ ಗುಡುಗು! ಅಂಗಡಿಯ ಶಟರೇ ನಡುಗುತ್ತಿತ್ತು.

“ಟೀಚರು ಗಾಡಿ ಎಲ್ಲಿ ಬಿಟ್ಟದ್ದು?” ಅಂಗಡಿಯವರು ಕೇಳಿದರು. ಬೆಳಿಗ್ಗೆ ಶಾಲೆಯಲ್ಲಿ ನನ್ನನ್ನು ನೋಡಿದ್ದರಂತೆ.

“ಅಲ್ಲೊಂದು ಮನೆಯಲ್ಲಿ ಚಾರ್ಜಿಗೆ ಹಾಕಿದ್ದೇನೆ.”

“ಈ ಗುಡುಗಿಗಾ?”

“ಏನೂ ಆಗುವುದಿಲ್ಲ, ಎಲ್ಲ ಸೇಫ್ಟಿ ಉಂಟು ಅದರಲ್ಲಿ” ಎಂದೆ, ಪಾಠದ ದನಿಯಲ್ಲಿ. ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಕರೆಂಟು ಹೋಗಿಲ್ಲ, ದೇವರು ದೊಡ್ಡವನು ಎಂದುಕೊಂಡೆ.

ಮಳೆ ಕಡಿಮೆಯಾಗುವಾಗ ಮೂರೂವರೆ. ಅರ್ಧ ಓಡಿಕೊಂಡು ಬಂದು ಕಾರಿನ ಬಾಗಿಲು ತೆಗೆದು ನೋಡಿದೆ. ಮೂವತ್ತು! ಐವತ್ತಲ್ಲ, ನಲವತ್ತೈದೂ ಅಲ್ಲ, ಮೂವತ್ತು. ಪೆಟ್ಟಿಗೆಯ ದೀಪ ಸತ್ತಿತ್ತು. ವಯರು ಚುಚ್ಚಿದಲ್ಲೇ ಇತ್ತು. ಜಗಲಿಯ ಗೋಡೆಯಲ್ಲಿ ಮೈನ್ ಸ್ವಿಚ್ಚಿನ ಹಿಡಿ ಕೆಳಗಿತ್ತು.

ಈಗ ನಾನು ಬರೆಯಬೇಕಾದ ವಾಕ್ಯಗಳು ಬರೆಯಲು ಕಷ್ಟ. ನಮ್ಮ ಕಡೆ ಈಚಿನ ವರ್ಷಗಳಲ್ಲಿ ಜನ ಜನವನ್ನು ನೋಡುವುದು ಹೇಗಾಗಿದೆಯೆಂದು ಹೇಳಬೇಕಾಗಿಲ್ಲ. ಯಾವ ಅಂಗಡಿ ಯಾರದು, ಯಾವ ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂತರು ಎಂಬುದೇ ಮಾತು. ನಾನು ಹಾಗಲ್ಲ ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ. ಕಕ್ಕಿಂಜೆಯಲ್ಲಿ ನಮ್ಮವರ ಮನೆಗಳೂ ಬೇಕಾದಷ್ಟು ಉಂಟು. ಆದರೆ ಕಾರು ಅಂಗಳಕ್ಕೆ ಇಳಿಸುವಾಗ ಇದು ಯಾರ ಮನೆಯೆಂದು ನನಗೆ ಹೊಳೆದಿರಲಿಲ್ಲ. ಕಂಡದ್ದು ಪ್ಲಗ್ಗು ಮಾತ್ರ. ಮೈನ್ ಕೆಳಗಿರುವುದನ್ನು ಕಂಡ ಕ್ಷಣಕ್ಕೆ ಅದು ಹೊಳೆಯಿತು.

ಆ ಹೆಂಗಸು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಅವರ ಹಿಂದೆ ತೆರೆದ ಬಾಗಿಲಿನೊಳಗೆ, ಹೊಸ ಚಾಪೆಯೊಂದರ ಮೇಲೆ ಉಮ್ಮ ಮಧ್ಯಾಹ್ನದ ಮೇಲಿನ ಅಸರ್ ನಮಾಜಿಗೆ ನಿಂತಿದ್ದರು.

“ಯಾರು ಆಫ್ ಮಾಡಿದ್ದು ಇದನ್ನು?” ಎಂದೆ.

“ಗುಡುಗು ಬಂತು. ಹಾಗೆ” ಎಂದರು ಅವರು.

“ಗುಡುಗು ನಿಂತು ಎಷ್ಟು ಹೊತ್ತಾಯಿತು? ಪೇಟೆಯಲ್ಲಿ ಫ್ಯಾನು ತಿರುಗ್ತಾ ಉಂಟು! ಇಲ್ಲಿ ಮಾತ್ರ ಗುಡುಗಾ?”

“ಸಣ್ಣ ದನಿಯಲ್ಲಿ ಮಾತಾಡಿ ಟೀಚರೇ, ಅಮ್ಮ ನಮಾಜಿನಲ್ಲಿದ್ದಾರೆ.”

ಅದು ನನಗೆ ಇನ್ನಷ್ಟು ಉರಿಯಿತು. ನಮಾಜಿನ ವಿಷಯ ಇವರು ನನಗೆ ಹೇಳಿಕೊಡುವುದಾ ಎಂದು ಮೈಯೆಲ್ಲ ಬೆಂಕಿಯಾಯಿತು. “ಬ್ಯಾರಿಗಳ ಕಾರು ಅಂತ ಆಫ್ ಮಾಡಿದ್ದಲ್ವಾ? ಬುರ್ಖಾ ನೋಡಿದಾಗಲೇ ಆಗುವುದಿಲ್ಲ ಅಂತ ಹೇಳಬಹುದಿತ್ತು. ಒಳಗೆ ಕೂರಿಸಿ ಹೀಗೆ ಮಾಡುವುದಾ? ನಮ್ಮ ಉಮ್ಮ ಅಕ್ಕನ ಮುಖ ನೋಡದಿದ್ದರೆ ಅದು ನಿಮ್ಮ ತಲೆಗೆ!” ಎಂದೆ. ಹೌದು, ಇಷ್ಟನ್ನೂ ಎಂದೆ. ಹಿಂದಿನ ಸಂಜೆ ನನ್ನದೇ ಮನೆಯಲ್ಲಿ ಮೈನ್ ಬಿದ್ದಿತ್ತು, ಬೆಳಿಗ್ಗೆ ಅದಕ್ಕೇ ನಾನು ಬೈದಿದ್ದೆ. ಅದೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವರ ಮುಖದ ಬಣ್ಣವೇ ಹೋಯಿತು. ಬಾಯಿ ತೆರೆದರು. ಒಮ್ಮೆ ತಿರುಗಿ ಒಳಗೆ ಹಣೆಯನ್ನು ನೆಲಕ್ಕೂರಿ ಸುಜೂದಿಗೆ ಬಾಗುತ್ತಿದ್ದ ಉಮ್ಮನ ಕಡೆ ನೋಡಿದರು. ಬಾಯಿ ಮುಚ್ಚಿದರು. ಎದ್ದು ಹೋಗಿ ಮೈನ್ ಮೇಲೆತ್ತಿದರು. ದೀಪ ಮಿನುಗಿತು, ಆದರೆ ಇನ್ನು ಅದರಿಂದ ಪ್ರಯೋಜನವಿರಲಿಲ್ಲ. ಸೆರಗಿನ ಗಂಟಿನಿಂದ ಸಣ್ಣ ಫೋನು ತೆಗೆದು ಯಾರಿಗೋ, “ಎಲ್ಲಿದ್ದೀರಿ? ಇದ್ದಲ್ಲಿಂದ ಬೇಗ ಬನ್ನಿ, ಮೂಡುಬಿದಿರೆಗೆ ಹೋಗಲಿಕ್ಕುಂಟು” ಎಂದು ಹೇಳಿದರು. ಮತ್ತೆ ನನ್ನ ಕಡೆ ನೋಡದೆ, “ಲೋಡು ಇಳಿಸಿ ಆಯ್ತಂತೆ, ನಮ್ಮವರು ಪಿಕಪ್ ತರ್ತಾರೆ. ಅಮ್ಮ ಎದ್ದ ಕೂಡಲೇ ಹೊರಡಿ. ಕಾರು ಇಲ್ಲಿರಲಿ” ಎಂದರು.

ಹತ್ತು ನಿಮಿಷದಲ್ಲಿ ಒಂದು ಮುದಿ ಪಿಕಪ್ಪು ಕೆಮ್ಮುತ್ತಾ ಅಂಗಳಕ್ಕೆ ಬಂತು. ರಬ್ಬರ್ ಶೀಟು ಇಳಿಸಿ ಬಂದ ಗಾಡಿ, ಕ್ಯಾಬಿನ್ನಿನಲ್ಲೆಲ್ಲ ಅದರದೇ ನಾತ. ಉಮ್ಮ ನಡುವೆ, ನಾನು ಬಾಗಿಲ ಬದಿ. ಉಮ್ಮ ಹತ್ತುವ ಮೊದಲು ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡರು. ನಾನು ಮುಖ ತಿರುಗಿಸಿ ಕೂತಿದ್ದೆ.

ಗಾಡಿ ಓಡಿಸುತ್ತಿದ್ದ ಅವರ ಗಂಡನಿಗೆ ನಡೆದದ್ದು ಏನೂ ಗೊತ್ತಿರಲಿಲ್ಲ. ಪಾಪದ ಮನುಷ್ಯ. ಉಜಿರೆ ದಾಟುವವರೆಗೆ ಗಂಭೀರವಾಗಿ ಕೂತವರು, ಗುರುವಾಯನಕೆರೆಯಲ್ಲಿ ತಿರುಗಿದ ಮೇಲೆ ತಡೆಯಲಾರದೆ ಕೇಳಿದರು. “ಅಲ್ಲ ಟೀಚರೇ, ನಿಮ್ಮ ಆ ಕಾರಿಗೆ ಹೊಗೆಯೇ ಇಲ್ವಾ?”

“ಇಲ್ಲ.”

“ನನ್ನದು ಹೊಗೆ ಬಿಡ್ತದೆ. ಕೈ ಬಿಡುವುದಿಲ್ಲ” ಎಂದು ಗೇರಿನ ಹಿಡಿಗೆ ಒಂದು ತಟ್ಟು ತಟ್ಟಿದರು. ವೇಣೂರಿನಲ್ಲಿ ಐದು ಗಂಟೆ ಹತ್ತಿರ ಬಂದಿತ್ತು. ನಾನು ಗಡಿಯಾರ ನೋಡುವುದನ್ನು ಉಮ್ಮ ನೋಡುತ್ತಿದ್ದರು, ಅದಕ್ಕೆ ಕೈಯನ್ನು ಬುರ್ಖಾದೊಳಗೆ ಇಟ್ಟುಕೊಂಡೆ.

ಐದೂವರೆಗೆ ಮೂರು ನಿಮಿಷ ಇತ್ತು. ಗಂಡಸರು ಅಂಗಳದಲ್ಲಿ ಚಪ್ಪಲಿ ಕಳಚಿ ಸಾಲು ನಿಂತಾಗಿತ್ತು. ಒಳಗೆ ಹೆಂಗಸರು ದಾರಿ ಬಿಟ್ಟರು. ಮುಖದ ಮೇಲಿನ ಬಿಳಿಬಟ್ಟೆ ಸರಿಸಿದರು. ಉಮ್ಮ ನೆಲಕ್ಕೆ ಕೂತು ಅಕ್ಕನ ಹಣೆಗೆ ಅಂಗೈ ಇಟ್ಟರು. ನಮಾಜಿಗೆ ಮೊದಲು ವುಜೂ ಮಾಡಿ ತೊಳೆದ ಕೈಯಲ್ಲೂ ಹೊಗೆಸೊಪ್ಪಿನ ವಾಸನೆ ಉಳಿದಿತ್ತು, ಪಕ್ಕದಲ್ಲಿ ಕೂತ ನನಗೆ ಬಂತು. ಆಗ ಉಮ್ಮ ಅತ್ತರು. ಎಷ್ಟು ಅತ್ತರೆಂದರೆ, ನಾನು ಅವರನ್ನು ಹಾಗೆ ನೋಡಿರಲೇ ಇಲ್ಲ. ಆಮೇಲೆ ಗಂಡಸರು ಒಳಗೆ ಬಂದರು.

ಮೂರು ದಿನ ನಾವು ಅಲ್ಲೇ ಉಳಿದೆವು. ಕೋಪ ಇಳಿದ ಮೇಲೆ ನನಗೆ ಸಂಶಯ ಶುರುವಾಯಿತು. ಗುಡುಗಿಗೆ ಮೈನ್ ಆಫ್ ಮಾಡದ ಮನೆ ನಮ್ಮ ಊರಲ್ಲಿ ಯಾವುದುಂಟು? ಬ್ಯಾರಿಗಳ ಕಾರೆಂದು ಆಫ್ ಮಾಡಿದ್ದಾದರೆ ಅವರು ಯಾಕೆ ಪಿಕಪ್ ಕರೆಸಿದರು? ಆದರೂ ಸೋಲು ಒಪ್ಪಿಕೊಳ್ಳುವ ಜನ್ಮ ಅಲ್ಲವಲ್ಲ ನನ್ನದು. ಗುಡುಗು ನಿಂತ ಮೇಲೆ ಹಾಕಬಹುದಿತ್ತು ಎಂದು ನನಗೆ ನಾನೇ ವಾದ ಮಾಡಿಕೊಂಡೆ. ನಾನು ಅಲ್ಲಿ ಕೂಗಾಡಿದ್ದನ್ನು ಉಮ್ಮನಿಗೆ ಹೇಳಲಿಲ್ಲ. ಅವರಿಗೆ ಅದು ಕೇಳಿಸಿರಲೂ ಇಲ್ಲ.

ನಾಲ್ಕನೆಯ ದಿನ ಬಸ್ಸು ಹತ್ತಿ ಇಳಿದು, ಉಮ್ಮನ ಮಂಡಿಯನ್ನು ಸಮಾಧಾನ ಮಾಡುತ್ತಾ ಕಕ್ಕಿಂಜೆಗೆ ಬಂದೆವು. ಕಾರಿಗೆ ನೀಲಿ ಟರ್ಪಾಲು ಹೊದಿಸಿ ನಾಲ್ಕು ಮೂಲೆಗೆ ಕಲ್ಲು ಇಟ್ಟಿದ್ದರು. ಪರದೆಯಲ್ಲಿ ನೂರಕ್ಕೆ ನೂರು.

“ಎರಡು ಸಲ ಗುಡುಗಿತು. ಎರಡು ಸಲವೂ ಆಫ್ ಮಾಡಿ ಪುನಃ ಹಾಕಿದೆ” ಎಂದರು ಆ ಹೆಂಗಸು, ಮನೆಯ ದನವನ್ನು ನೋಡಿಕೊಂಡ ಹಾಗೆ. “ದೀಪ ಮಿನುಗುವುದು ನಿಂತ ಮೇಲೆ ಪ್ಲಗ್ಗು ತೆಗೆದೆ. ಸರಿ ಆಯ್ತಾ ಅದು?”

ಸರಿ ಆಗಿತ್ತು. ನಾನು ದಾರಿಯಿಡೀ ಬಾಯಿಪಾಠ ಮಾಡಿದ ಕ್ಷಮೆಯನ್ನು ಹೇಳಲು ಹೊರಟೆ. ಅಷ್ಟರಲ್ಲಿ ಉಮ್ಮ ಜಗಲಿಯಲ್ಲಿ ಕೂತು, ಚಾ ಲೋಟ ಹಿಡಿದುಕೊಂಡು ನನಗೆ ಹೇಳಿದರು.

“ಇವರ ಉಪಕಾರ ಮರೆಯಲಿಕ್ಕಾಗುವುದಿಲ್ಲ. ಆವತ್ತು ನಾನು ಮೈನ್ ಆಫ್ ಮಾಡಿ ಅಂದೆ, ಇವರು ‘ನಿಮ್ಮ ಕಾರಿಗೆ ತೊಂದರೆ ಆಗ್ತದೆ, ಬೇಡ’ ಅಂತ ಎಷ್ಟು ಹೇಳಿದರು ಗೊತ್ತುಂಟಾ? ನಾನೇ ಕೇಳಲಿಲ್ಲ.”

“ಯಾರು? ಯಾರು ಆಫ್ ಮಾಡಿಸಿದ್ದು?” ಉಮ್ಮನ ಕಿವಿಯ ಹತ್ತಿರ ಬಾಗಿ ಕೇಳಿದೆ.

“ನಾನೇ. ನಿನ್ನ ವಯರು ಹೊರಗೆ ಮಳೆಯಲ್ಲಿ ಬಿದ್ದಿತ್ತಲ್ಲ. ಅದರಲ್ಲಿ ಸಿಡಿಲು ಬಂದು ಇವರ ಮನೆಗೆ ಹೊಡೆದರೆ? ಪಾಪ, ನಮಗೆ ಜಾಗ ಕೊಟ್ಟವರು. ಮಳೆ ಪೂರ್ತಿ ಬಿಡುವವರೆಗೆ ಹಾಕಲೇಬೇಡಿ ಅಂತ ಆಣೆ ಹಾಕಿಸಿ ನಮಾಜಿಗೆ ಹೋದದ್ದು ನಾನು.”

ಕರೆಂಟು ಹೊಡೆದವಳ ಹಾಗೆ ನಿಂತುಬಿಟ್ಟೆ. ಅಕ್ಕನ ಮುಖ ತಪ್ಪಿಹೋಗುವ ಹೊತ್ತಿನಲ್ಲಿ, ಗುರುತಿಲ್ಲದವರ ಮನೆಗೆ ಸಿಡಿಲು ಬೀಳಬಾರದೆಂದು ನನ್ನ ಉಮ್ಮ ಆ ಮೈನ್ ಆಫ್ ಮಾಡಿಸಿದ್ದರು. ನಾನು ಎಂತೆಂತಹ ಮಾತಾಡಿದ್ದೆ! ಆ ಹೆಂಗಸು ಟರ್ಪಾಲು ಮಡಚುವ ನೆಪದಲ್ಲಿ ಕಾರಿನ ಆಚೆ ಬದಿಗೆ ಹೋದರು. ನಾನು ಹಿಂದೆಯೇ ಹೋದೆ.

“ಯಾಕೆ ಹೇಳಲಿಲ್ಲ? ನಾನು ಅಷ್ಟು ಹೇಳುವಾಗ ‘ನಿಮ್ಮ ಅಮ್ಮನೇ ಹೇಳಿದ್ದು’ ಅಂತ ಒಂದು ಮಾತು ಹೇಳಬಹುದಿತ್ತಲ್ಲ?”

ಅವರು ಟರ್ಪಾಲಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಹಿಡಿದು ನೀರು ಕೊಡವಿದೆವು.

“ಬೀಡಿ ಕಟ್ಟುವಾಗ ಅಮ್ಮ ಹೇಳಿದ್ದರು” ಎಂದರು ಅವರು, ಸಣ್ಣ ದನಿಯಲ್ಲಿ. “ಮೈನ್ ಆಫ್ ಮಾಡಿದ್ದಕ್ಕೆ ಬೆಳಿಗ್ಗೆ ಮಗಳು ಬೈದಳು ಅಂತ. ಅವರ ಹೆಸರು ಹೇಳಿದರೆ ಪುನಃ ನೀವು ಅವರಿಗೆ ಬೈತಿದ್ರಿ. ಅಕ್ಕ ತೀರಿದ ದಿನ ಮಗಳ ಬಾಯಿಂದ ಬೈಸಿಕೊಳ್ಳುವುದು ಬೇಡ ಅಂತ ಕಂಡಿತು. ನನಗೆ ಬೈದರೆ ಎಂತ ಆಗ್ತದೆ? ನಾನು ಯಾರು ನಿಮಗೆ?”

ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿಗೋ ಹೋಯಿತು. ಟರ್ಪಾಲು ಬಿಟ್ಟು ಅವರ ಕೈ ಹಿಡಿದುಕೊಂಡೆ. “ಆಯ್ತು, ಆಯ್ತು. ಅಮ್ಮ ನೋಡ್ತಾರೆ” ಎಂದು ಅವರೇ ನನ್ನ ಕಣ್ಣು ಒರೆಸಿಕೊಳ್ಳಲು ಸೆರಗು ಕೊಟ್ಟರು.

ಹೊರಡುವಾಗ ಮೋಡ ಕಟ್ಟುತ್ತಾ ಇತ್ತು. ಉಜಿರೆ ಬರುವ ಮೊದಲೇ ತಲೆಯ ಮೇಲೆ ಒಂದು ಗುಡುಗಿತು. ಪಕ್ಕದಲ್ಲಿ ಕೂತ ಉಮ್ಮ ಬೆಚ್ಚಿ, ಕಾರಿನೊಳಗೆಲ್ಲ ಕಣ್ಣಾಡಿಸಿದರು. “ಇದರ ಮೈನ್ ಎಲ್ಲಿ ಉಂಟು?” ಎಂದು ಕೇಳಿದರು.

ನಾಲ್ಕು ದಿನದ ಹಿಂದಿನ ನಾನಾಗಿದ್ದರೆ ಅದಕ್ಕೊಂದು ಪಾಠ ಇತ್ತು. ಕಾರನ್ನು ಬದಿಗೆ ತೆಗೆದು, ಗುಂಡಿ ಒತ್ತಿ, ಪೂರ್ತಿ ಆಫ್ ಮಾಡಿದೆ. “ಆಫ್ ಮಾಡಿದೆ ಉಮ್ಮಾ” ಎಂದು ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ. ಮಳೆ ಪೂರ್ತಿ ಬಿಡುವವರೆಗೆ ನಾವಿಬ್ಬರೂ ಅಲ್ಲೇ ಕೂತಿದ್ದೆವು.